ಬ್ರೇಕಿಲ್ಲದ ಸೈಕಲ್ಲು, ಸೆಲ್ವಿಯ ಬಟ್ಟೆಗಂಟು

ಇದು 1999ರ ಮಾತು. ಆಗ ನನಗೆ ಮೂವತ್ತೊಂದು ವರ್ಷ. ಬೇರೆ ಹೆಂಗಸರಿಗೆ ಅದೇನೂ ವಯಸ್ಸಲ್ಲ, ಆದರೆ ಸೈಕಲ್ ರೇಸಿನವರ ಲೆಕ್ಕದಲ್ಲಿ ನಾನಾಗಲೇ ಅಜ್ಜಿ. ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಮೂರು ಸಲ ರಾಷ್ಟ್ರಮಟ್ಟದ ಚಿನ್ನ ಗೆದ್ದಿದ್ದೆ. ರಾಜ್ಯಮಟ್ಟದ್ದು ಎಷ್ಟೆಂದು ನನಗೇ ಸರಿಯಾಗಿ ನೆನಪಿಲ್ಲ. ಆ ವರ್ಷದ ರಾಷ್ಟ್ರೀಯ ಸ್ಪರ್ಧೆಗೆ ಹೊರಡುವ ಹಿಂದಿನ ದಿನ ಹಲಸೂರು ಕೆರೆಯ ಹತ್ತಿರ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪದಕದ ಕಥೆಗಳನ್ನು ಬೇಕಾದಷ್ಟು ಜನ ಕೇಳಿಸಿಕೊಂಡಿದ್ದಾರೆ. ಇದನ್ನು ಮನೆಯವರನ್ನು ಬಿಟ್ಟು ಯಾರಿಗೂ ಹೇಳಿಲ್ಲ.

ನಾನು ಬಿಜಾಪುರದ ಕಡೆಯವಳು. ಹನ್ನೆರಡನೇ ವಯಸ್ಸಿಗೆ ಅಲ್ಲಿನ ಕ್ರೀಡಾ ಹಾಸ್ಟೆಲ್ ಸೇರಿದೆ. ಇಪ್ಪತ್ತೊಂದಕ್ಕೆ ಕ್ರೀಡಾ ಕೋಟಾದಲ್ಲಿ ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಆಮೇಲೆ ಮದುವೆಯಾಯಿತು, ಮಗಳು ಸುಮಾ ಹುಟ್ಟಿದಳು. ಗಂಡ ಬಸವರಾಜ ನಮ್ಮ ಕಡೆಯವರೇ, ಬೇರೊಂದು ಕಚೇರಿಯಲ್ಲಿ ಕೆಲಸ. ಜೀವನ್ ಬಿಮಾ ನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು.

ಟ್ರ್ಯಾಕ್ ಸೈಕಲ್ಲಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದಕ್ಕೆ ಬ್ರೇಕ್ ಇರುವುದಿಲ್ಲ. ಮಾಮೂಲಿ ಸೈಕಲ್ಲಿನಲ್ಲಿ ಇಳಿಜಾರು ಬಂದರೆ ಪೆಡಲ್ ತುಳಿಯುವುದನ್ನು ಬಿಟ್ಟು ಆರಾಮಾಗಿ ಕೂರಬಹುದು, ಸೈಕಲ್ ತಾನಾಗಿ ಹೋಗುತ್ತದೆ. ಇದರಲ್ಲಿ ಹಾಗಿಲ್ಲ. ಗಾಲಿ ತಿರುಗುವವರೆಗೂ ಪೆಡಲ್ ತಿರುಗುತ್ತದೆ, ಪೆಡಲ್ ತಿರುಗುವವರೆಗೂ ಕಾಲು ತಿರುಗಲೇಬೇಕು. ವೇಗ ಇಳಿಸಬೇಕಾದರೆ ಕಾಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತಡೆದು ಹಿಡಿಯಬೇಕು. ಥಟ್ಟನೆ ಕಾಲು ನಿಲ್ಲಿಸಿದರೆ ಸೀಟಿನಿಂದ ಎತ್ತಿ ಒಗೆಯುತ್ತದೆ. ಹಾಸ್ಟೆಲಿನಲ್ಲಿ ನಮ್ಮ ಗುರುಗಳು ಮೊದಲ ದಿನ ಹೇಳಿಕೊಟ್ಟ ಪಾಠವೇ ಇದು.

“ಗೆರಿ ದಾಟಿದ ಮ್ಯಾಲೂ ಕಾಲ ನಿಲ್ಲಸಬ್ಯಾಡ್ರಿ. ಗೆದ್ರೂ ಅಷ್ಟ, ಸೋತ್ರೂ ಅಷ್ಟ. ಗಾಲಿ ತಾನ ದಣೀಲಿ, ಆಮ್ಯಾಲ ಇಳೀರಿ,” ಎನ್ನುತ್ತಿದ್ದರು.

ಇಷ್ಟೆಲ್ಲ ಟ್ರ್ಯಾಕ್ ಚಾಂಪಿಯನ್ ಎನ್ನಿಸಿಕೊಂಡ ನನಗೆ ಅಭ್ಯಾಸ ಮಾಡಲು ಬೆಂಗಳೂರಿನಲ್ಲಿ ಟ್ರ್ಯಾಕೇ ಇರಲಿಲ್ಲ. ವರ್ಷವೆಲ್ಲ ರಸ್ತೆಯಲ್ಲಿ ತುಳಿದು, ಸ್ಪರ್ಧೆ ನಡೆಯುವ ಊರಿಗೆ ಹೋದಾಗ ಟ್ರ್ಯಾಕಿನ ಮುಖ ನೋಡುತ್ತಿದ್ದೆವು. ರಸ್ತೆಗಿಳಿಯುವಾಗ ಮಾತ್ರ ಮುಂದಿನ ಗಾಲಿಗೆ ಒಂದು ಬ್ರೇಕ್ ಸಿಕ್ಕಿಸಿಕೊಳ್ಳುತ್ತಿದ್ದೆವು. ಸ್ಪರ್ಧೆಗೆ ಹೊರಡುವಾಗ ಅದನ್ನು ಬಿಚ್ಚಿಬಿಡಬೇಕು, ಟ್ರ್ಯಾಕಿನಲ್ಲಿ ಬ್ರೇಕ್ ಇರಕೂಡದು.

ನನ್ನ ದಿನ ಹೀಗಿತ್ತು. ಬೆಳಗಿನ ನಾಲ್ಕೂವರೆಗೆ ಎದ್ದು ಹಾಲು ಕಾಯಿಸಿಟ್ಟು ಹೊರಡುವುದು. ಕೆ.ಆರ್. ಪುರ ದಾಟಿ ಹಳೆ ಮದ್ರಾಸ್ ರಸ್ತೆಯಲ್ಲಿ ಲಾರಿಗಳ ಹೊಗೆ ಕುಡಿಯುತ್ತಾ ಹೊಸಕೋಟೆಯವರೆಗೆ ಹೋಗಿ ವಾಪಸ್ಸು. ಬಂದು ರೊಟ್ಟಿ ಬಡಿದು, ಮಗಳಿಗೆ ಜಡೆ ಹಾಕಿ, ಕಚೇರಿಗೆ ಓಟ. ರಾಜ್ಯ ತಂಡದಲ್ಲಿ ಇರುವವರೆಗೆ ಮಧ್ಯಾಹ್ನ ಎರಡಕ್ಕೆ ಕಚೇರಿ ಬಿಡಬಹುದಿತ್ತು. ಎರಡಕ್ಕೆ ನಾನು ಚೀಲ ಎತ್ತಿಕೊಂಡರೆ ಪಕ್ಕದ ಮೇಜಿನವರು, “ಮೇಡಮ್ ಪುಣ್ಯ ಮಾಡಿದ್ರು ಬಿಡ್ರೀ, ಸೈಕಲ್ ಹೊಡೆದು ಸಂಬಳ ತಗೋತಾರೆ,” ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಎರಡರ ನಂತರ ಜಿಮ್ಮು, ಆಮೇಲೆ ಮಗಳು, ಆಮೇಲೆ ಅಡಿಗೆ. ಮಲಗಿದ ಮೇಲೂ ಕಾಲು ಸುಮ್ಮನಿರುತ್ತಿರಲಿಲ್ಲ, ಹೊದಿಕೆಯೊಳಗೆ ತುಳಿಯುತ್ತಲೇ ಇರುತ್ತಿದ್ದೆ ಎಂದು ಗಂಡ ಹೇಳುತ್ತಿದ್ದರು.

ಆ ವರ್ಷ ತಂಡಕ್ಕೆ ಆಯ್ಕೆ ಮಾಡುವವರು ನೇರವಾಗಿಯೇ ಹೇಳಿದ್ದರು. ಪದಕ ಬಂದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಹೊಸ ಹುಡುಗಿಯರಿಗೆ ಜಾಗ. ಪದಕ ಬಾರದಿದ್ದರೆ ಎರಡಕ್ಕೆ ಕಚೇರಿ ಬಿಡುವ ಅನುಮತಿಯೂ ಹೋಯಿತು, ಸಂಜೆಯವರೆಗೆ ಕಡತಗಳ ಮುಂದೆ ಕೂರಬೇಕು. ಅದಕ್ಕಿಂತ ಹೆಚ್ಚಾಗಿ, ಹತ್ತೊಂಬತ್ತು ವರ್ಷದಿಂದ ಸೈಕಲ್ ತುಳಿಯುವುದನ್ನು ಬಿಟ್ಟು ಬೇರೇನೂ ಮಾಡದ ನಾನು ಅದಿಲ್ಲದಿದ್ದರೆ ಯಾರು ಎನ್ನುವುದೇ ತಿಳಿಯುತ್ತಿರಲಿಲ್ಲ. ಇನ್ನೊಂದು ಕಡೆ ಮೈಯೆಲ್ಲ ಸೋತುಹೋಗಿತ್ತು. ಸಾಕು ಎನ್ನಲು ಬಾಯಿ ಬರುತ್ತಿರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಓಡಾಡುತ್ತಿದ್ದೆ. ದಣಿದಿದ್ದೀಯಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಇಲ್ಲ ಎನ್ನುತ್ತಿದ್ದೆನೇನೋ.

ಹೊರಡುವ ಹಿಂದಿನ ದಿನ ಬೆಳಗ್ಗೆಯೂ ಹೊಸಕೋಟೆಯವರೆಗೆ ತುಳಿದು ಬಂದಿದ್ದೆ. ಹಿಂದಿನ ಗಾಲಿ ಸ್ವಲ್ಪ ಓಲಾಡುತ್ತಿತ್ತು. ಎರಡು ಗಂಟೆಗೆ ಕಚೇರಿ ಬಿಟ್ಟು ಸೈಕಲ್ಲನ್ನು ಶಿವಾಜಿನಗರಕ್ಕೆ ಒಯ್ದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ರಹೀಂ ಚಾಚಾ ಎಂಬುವರ ಪುಟ್ಟ ಅಂಗಡಿಯಿತ್ತು. ಹತ್ತು ವರ್ಷದಿಂದ ನನ್ನ ಗಾಲಿಗಳನ್ನು ಅವರೇ ನೋಡಿಕೊಳ್ಳುತ್ತಿದ್ದರು. ರಿಮ್ಮಿನ ಬೆಂಡ್ ತೆಗೆಯುವುದರಲ್ಲಿ ಅವರ ಕೈ ಯಾರಿಗೂ ಬರುವುದಿಲ್ಲ. ಕಡ್ಡಿಗಳನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿಯೇ ಯಾವುದು ಸಡಿಲ ಎಂದು ಹೇಳುತ್ತಿದ್ದರು.

ಅವತ್ತು ಅವರು ಗಾಲಿ ಸರಿಮಾಡಿ, ಹೊಸ ಟೈರ್ ಹಾಕಿದರು. ರೇಸ್ ಸೈಕಲ್ಲಿನ ಟೈರನ್ನು ರಿಮ್ಮಿಗೆ ಗಮ್ ಹಚ್ಚಿ ಅಂಟಿಸುತ್ತಾರೆ. ಆ ಗಮ್ ಚೆನ್ನಾಗಿ ಒಣಗಲು ಒಂದು ದಿನ ಬೇಕು. ಕೊನೆಗೆ ಮುಂದಿನ ಬ್ರೇಕನ್ನೂ ಬಿಚ್ಚಿ, ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

“ನೋಡಿ ಮೇಡಮ್, ಗಮ್ ಹಸಿ ಇದೆ. ನಾಳೆ ಸಾಯಂಕಾಲದವರೆಗೂ ಹತ್ತೋದು ನಕ್ಕೋ. ಬ್ರೇಕೂ ಇಲ್ಲ. ಆಟೋದಲ್ಲಿ ಹಾಕ್ಕೊಂಡು ಹೋಗ್ಬಿಡಿ,” ಎಂದರು.

“ಆಯ್ತು ಚಾಚಾ.”

“ಆಯ್ತು ಅಂದ್ಬಿಟ್ಟು ಹತ್ಬೇಡಿ ಮತ್ತೆ. ನಿಮ್ದು ಗೊತ್ತು ನನಗೆ.”

ನಕ್ಕು ಹೊರಟೆ. ಮಾರುಕಟ್ಟೆಯ ಮುಂದೆ ನಾಲ್ಕು ಆಟೋ ನಿಲ್ಲಿಸಿದೆ. ಸೈಕಲ್ ನೋಡಿದ ಕೂಡಲೇ ನಾಲ್ವರೂ ತಲೆಯಾಡಿಸಿ ಹೊರಟುಹೋದರು. ಬಿಸಿಲು ಚುರುಗುಟ್ಟುತ್ತಿತ್ತು. ನಾಲ್ಕು ಗಂಟೆಗೆ ಸುಮಾ ಶಾಲೆಯಿಂದ ಬರುತ್ತಾಳೆ, ಕೆಳಮನೆಯವರು ನೋಡಿಕೊಳ್ಳುತ್ತಾರೆ ನಿಜ, ಆದರೆ ಮರುದಿನ ಹೊರಟರೆ ಹತ್ತು ದಿನ ಅವಳನ್ನು ನೋಡುವಂತಿರಲಿಲ್ಲ. ನಡೆದುಕೊಂಡು ತಳ್ಳಿಕೊಂಡು ಹೋಗೋಣ ಎಂದು ಕೆರೆಯ ದಿಕ್ಕಿಗೆ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಲು ಸೋಲತೊಡಗಿತು. ನಗು ಬರಬಹುದು, ಸೈಕ್ಲಿಸ್ಟುಗಳಿಗೆ ನಡೆಯುವುದೆಂದರೆ ಮಹಾ ಕಷ್ಟ. ಇಷ್ಟು ದೂರಕ್ಕೆ ಏನಾದೀತು, ಹುಟ್ಟಿದಾಗಿನಿಂದ ತುಳಿದಿದ್ದೇನೆ, ನಿಧಾನವಾಗಿ ಹೋದರಾಯಿತು ಎಂದುಕೊಂಡು ಹತ್ತಿಯೇಬಿಟ್ಟೆ.

ಅಲ್ಲಿಗೆ ಒಂದು ತಪ್ಪಾಯಿತು. ಎರಡನೆಯದು ಅದಕ್ಕಿಂತ ದೊಡ್ಡದು. ರೇಸ್ ಸೈಕಲ್ಲಿನ ಪೆಡಲ್ಲಿಗೆ ಪಾದ ಜಾರದ ಹಾಗೆ ಚರ್ಮದ ಪಟ್ಟಿ ಇರುತ್ತದೆ. ಹತ್ತಿದ ಕೂಡಲೇ ಬಗ್ಗಿ ಪಟ್ಟಿ ಬಿಗಿಯುವುದು ನಮಗೆ ಎಷ್ಟು ರೂಢಿಯೆಂದರೆ, ಕೈ ಅದನ್ನು ಮಾಡಿದ್ದು ತಲೆಗೆ ಗೊತ್ತಾಗುವುದಿಲ್ಲ. ಅವತ್ತೂ ನನ್ನ ಕೈ ಬಗ್ಗಿ ಎರಡೂ ಪಟ್ಟಿ ಬಿಗಿದಿತ್ತು.

ಸಮತಟ್ಟಾದ ರಸ್ತೆಯಲ್ಲಿ ಏನೂ ತೊಂದರೆಯಾಗಲಿಲ್ಲ. ಕೆರೆಯ ಕಡೆಗೆ ರಸ್ತೆ ಇಳಿಯತೊಡಗಿದಾಗ ಕಾಲಿನಿಂದ ತಡೆಯಲು ಶುರುಮಾಡಿದೆ. ಬೆಳಗ್ಗೆ ಹೊಸಕೋಟೆ ನೋಡಿ ಬಂದ ಕಾಲು, ತಡೆಯಲಿಲ್ಲ. ನಾನು ಪೆಡಲ್ ತುಳಿಯುವ ಬದಲು ಪೆಡಲ್ಲೇ ನನ್ನ ಕಾಲನ್ನು ತಿರುಗಿಸತೊಡಗಿತು. ತೊಡೆ ನಡುಗುತ್ತಿತ್ತು. ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿದ್ದೆ, ಅದು ಬಿಚ್ಚಿ ಹಿಂದೆ ಹಾರುತ್ತಿತ್ತು. ಇಳಿಜಾರಿನ ಕೊನೆಯಲ್ಲಿ ಒಂದು ಸಿಟಿ ಬಸ್ಸು ನಿಂತಿತು. ಅದರ ಬಲಕ್ಕೆ ಎದುರಿನಿಂದ ಬರುವ ವಾಹನಗಳು. ಎಡಕ್ಕೆ, ಬಸ್ಸಿನಿಂದ ಇಳಿಯುತ್ತಿರುವ ಜನ, ಅವರಲ್ಲಿ ನೀಲಿ ಪಿನಾಫೋರಿನ ಇಬ್ಬರು ಮಕ್ಕಳು. ನನ್ನ ಮಗಳೂ ಅಂಥದ್ದೇ ಪಿನಾಫೋರ್ ಹಾಕುತ್ತಿದ್ದಳು.

ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪನ್ನು ಆಗ ಮಾಡಿದೆ. ಹೆದರಿ ಎರಡೂ ಕಾಲು ನಿಲ್ಲಿಸಿಬಿಟ್ಟೆ.

ಸೈಕಲ್ಲು ನನ್ನನ್ನು ಎತ್ತಿತು. ಹಿಂದಿನ ಗಾಲಿ ಕಚ್ಚಿಕೊಂಡು, ಹಸಿ ಗಮ್ಮಿನ ಟೈರು ರಿಮ್ಮಿನಿಂದ ಕಿತ್ತುಬಂತು. ನಾನೂ ಸೈಕಲ್ಲೂ ಒಟ್ಟಿಗೆ ಎಡಕ್ಕೆ ಉರುಳಿ ಫುಟ್‌ಪಾತಿನ ಕಡೆಗೆ ಜಾರಿದೆವು. ಅಲ್ಲಿ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ಇತ್ತು. ಅದರ ಮೇಲೆ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯಿಂದ ಹೊಗೆ ಏಳುತ್ತಿದ್ದುದು ಕಂಡಿತು. ಮುಗಿಯಿತು ಎಂದು ಕಣ್ಣು ಮುಚ್ಚಿಕೊಂಡೆ. ಬಂದು ಬಡಿದದ್ದು ಮಾತ್ರ ಮೆತ್ತಗಿತ್ತು.

ಕಣ್ಣು ಬಿಟ್ಟಾಗ ನಾನು ಬಟ್ಟೆಗಳ ರಾಶಿಯಲ್ಲಿ ಮುಖ ಹುದುಗಿಸಿ ಬಿದ್ದಿದ್ದೆ. ಬೆಡ್‌ಶೀಟು, ಷರಟು, ದಿಂಬಿನ ಚೀಲಗಳು. ಪಕ್ಕದಲ್ಲಿ ಸುಮಾರು ನಲವತ್ತೈದು ವರ್ಷದ ಒಬ್ಬ ಹೆಂಗಸು ನಿಂತಿದ್ದಳು. ಹಣೆಯ ತುಂಬ ಕುಂಕುಮ, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ನಾನು ಇಳಿಜಾರಿನಲ್ಲಿ ಬರುವುದನ್ನು ದೂರದಿಂದಲೇ ನೋಡಿ, ಗಾಡಿಯ ಕೆಳಗಿದ್ದ ಎರಡು ದೊಡ್ಡ ಬಟ್ಟೆಗಂಟುಗಳನ್ನು ಎಳೆದು ಗಾಡಿಯ ಮುಂದೆ ಎಸೆದಿದ್ದಳು. ಒಂದು ಗಂಟು ಒಡೆದು ಬಟ್ಟೆಯೆಲ್ಲ ಚೆಲ್ಲಿತ್ತು.

“ಅಯ್ಯೋ ಸಾಮಿ, ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ,” ಎಂದು ತಮಿಳಿನ ರಾಗದ ಕನ್ನಡದಲ್ಲಿ ಹೇಳುತ್ತಾ ನನ್ನ ಕಾಲಿನ ಪಟ್ಟಿ ಬಿಚ್ಚಿದಳು. “ಕಾಲು ಯಾಕಮ್ಮ ಕಟ್ಟಾಕೊಂಡಿದ್ದೀರಿ ಸೈಕಲ್‌ಗೆ? ಕಳ್ಳರ ಕೈ ಕಟ್ಟಿದಂಗೆ.”

ಜನ ಸೇರಿದರು. ಬಸ್ಸಿನಿಂದ ಇಳಿದ ಮಕ್ಕಳಿಗೆ ಏನೂ ಆಗಿರಲಿಲ್ಲ. ನನ್ನ ಮೊಣಕೈ ತರಚಿ ರಕ್ತ ಸುರಿಯುತ್ತಿತ್ತು, ತೊಡೆ ಉರಿಯುತ್ತಿತ್ತು. ಎದ್ದು ನಿಂತು ಕೈಕಾಲು ಮಡಚಿ ನೋಡಿದೆ, ಮುರಿದಿರಲಿಲ್ಲ. ಒಬ್ಬಾತ, “ಬ್ರೇಕ್ ಇಲ್ದಿರೋ ಸೈಕಲ್ ತಂದ್ರೆ ಇನ್ನೇನಾಗತ್ತೆ,” ಎಂದು ಬೈದ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಹೆಂಗಸು ಎಲ್ಲರನ್ನೂ ಚದುರಿಸಿ, ನನ್ನನ್ನು ಮರದ ಬುಡದಲ್ಲಿ ಇನ್ನೊಂದು ಗಂಟಿಗೆ ಒರಗಿಸಿ ಕೂರಿಸಿದಳು. ಮಡಿಕೆಯ ನೀರಿನಿಂದ ಮೊಣಕೈ ತೊಳೆದು, ಹಳೇ ಪಂಚೆಯ ತುಂಡು ಕಟ್ಟಿದಳು. ಹೆಸರು ಸೆಲ್ವಿ ಎಂದಳು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಬೆಡ್‌ಶೀಟು. ಬಿಳಿ ಬೆಡ್‌ಶೀಟಿನ ಮೇಲೆ ನನ್ನ ರಕ್ತ ಅಂಗೈ ಅಗಲಕ್ಕೆ ಹರಡಿತ್ತು.

“ಇದು ಯಾರ್ದು?” ಎಂದು ಕೇಳಿದೆ.

“ಮೇಜರ್ ಸಾಹೇಬ್ರ ಮನೇದು. ಸಣ್ಣ ಸುಕ್ಕಿದ್ರೂ ವಾಪಸ್ ಕಳಿಸ್ತಾರೆ ಅವರು.”

“ನಾನು ಬಂದು ಅವರಿಗೆ ಹೇಳ್ತೀನಿ. ತಪ್ಪು ನಂದು.”

“ನೀವ್ ಬಂದ್ರೆ ನಿಮಗೂ ಸೇರಿಸಿ ಬೈತಾರೆ. ಸುಮ್ನೆ ಕೂತ್ಕೊಳಿ,” ಎಂದು ಸೆಲ್ವಿ ಆ ಬೆಡ್‌ಶೀಟನ್ನು ಬಕೆಟ್ಟಿನಲ್ಲಿ ಅದ್ದಿ, ಕಲೆಯ ಮೇಲೆ ಉಪ್ಪು ಹಾಕಿ ಉಜ್ಜತೊಡಗಿದಳು. ಉಜ್ಜುತ್ತಲೇ ನನ್ನ ಸೈಕಲ್ಲಿನ ಕಡೆ ನೋಡಿದಳು. “ಮೇಲಿಂದ ಬರ್ತಿದ್ರಲ್ಲ, ಆಗ್ಲೇ ನಿಮ್ ಮುಖ ನೋಡ್ದೆ. ಕಾಲು ಹಂಗೆ ತಿರುಗ್ತಿತ್ತು, ಮುಖ ಮಾತ್ರ ಸತ್ತೋಗಿತ್ತು. ಯಾಕಮ್ಮ, ಕಾಲು ನಿಲ್ಸೋಕಾಗಲ್ವಾ ಇದರಲ್ಲಿ?”

“ಗಾಲಿ ನಿಲ್ಲೋವರೆಗೂ ಆಗಲ್ಲ.”

“ಎಷ್ಟ್ ವರ್ಷದಿಂದ ಓಡಿಸ್ತಿದ್ದೀರಿ?”

“ಹತ್ತೊಂಬತ್ತು.”

ಸೆಲ್ವಿ ಉಜ್ಜುವುದನ್ನು ನಿಲ್ಲಿಸಿದಳು. “ಸುಸ್ತಾಗಿಲ್ವಾಮ್ಮ?”

ಇಷ್ಟೇ ಕೇಳಿದ್ದು. ಮಾಮೂಲಿ ಮಾತು, ಬಿಸಿಲಲ್ಲಿ ನಡೆದು ಬಂದವರನ್ನು ಯಾರಾದರೂ ಕೇಳುವಂಥದ್ದು. ಇಲ್ಲ ಎನ್ನಲು ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ನಡುರಸ್ತೆಯ ಪಕ್ಕ, ಗುರುತಿಲ್ಲದವಳ ಮುಂದೆ, ಮೂರು ಚಿನ್ನದ ಚಾಂಪಿಯನ್ನು ಮೂಗು ಸೊರಗುಟ್ಟಿಸಿಕೊಂಡು ಅತ್ತೆ. ಬಹಳ ಸುಸ್ತಾಗಿದೆ ಎಂದೆ. ಆ ಮಾತನ್ನು ನನ್ನ ಬಾಯಿಂದ ನಾನೇ ಮೊದಲ ಸಲ ಕೇಳಿಸಿಕೊಂಡದ್ದು. ಸೆಲ್ವಿ ಇನ್ನೊಂದು ಮೆತ್ತನೆಯ ಗಂಟನ್ನು ನನ್ನ ತಲೆಯ ಹಿಂದೆ ತುರುಕಿ, “ಐದು ನಿಮಿಷ ಕಣ್ಮುಚ್ಚಿ,” ಎಂದು ತನ್ನ ಕೆಲಸಕ್ಕೆ ಹೋದಳು.

ನಾನು ಕಣ್ಣು ಬಿಟ್ಟಾಗ ಕೆರೆಯ ಕಡೆಯಿಂದ ಸಂಜೆಯ ಗಾಳಿ ಬೀಸುತ್ತಿತ್ತು. ಒಂದೂವರೆ ಗಂಟೆ ಮಲಗಿದ್ದೆ. ಬಸ್ಸಿನ ಹಾರನ್ನು, ಜನರ ಓಡಾಟ, ಯಾವುದೂ ಕೇಳಿಸಿರಲಿಲ್ಲ. ಮೈಮೇಲೆ ಯಾರದೋ ಮನೆಯ ಇಸ್ತ್ರಿ ಮಾಡಿದ ಟವೆಲ್ಲು ಹೊದೆಸಿತ್ತು, ಇನ್ನೂ ಬೆಚ್ಚಗಿತ್ತು. ಅಂಥ ನಿದ್ದೆ ಮಗಳು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ನನ್ನ ಪಕ್ಕದಲ್ಲಿ ಸೈಕಲ್ಲು ಮರಕ್ಕೆ ಒರಗಿತ್ತು. ಮೇಜರ್ ಸಾಹೇಬರ ಬೆಡ್‌ಶೀಟು ಒಣಗಿ, ಇಸ್ತ್ರಿಯಾಗಿ, ಗಾಡಿಯ ಮೇಲೆ ಮಡಚಿಟ್ಟಿತ್ತು. ಕಲೆ ಹೋಗಿತ್ತೋ ಇಲ್ಲವೋ ಗೊತ್ತಿಲ್ಲ, ಕಲೆಯ ಭಾಗ ಒಳಗೆ ಹೋಗುವ ಹಾಗೆ ಮಡಚಿದ್ದಳು.

ಗಡಬಡಿಸಿ ಎದ್ದೆ. “ಎಬ್ಬಿಸ್ಬಾರ್ದಾಗಿತ್ತಾ? ಮಗಳು ಕಾಯ್ತಿರ್ತಾಳೆ.”

“ಎಬ್ಬಿಸೋಕೆ ಮನಸಾಗ್ಲಿಲ್ಲ. ಕಾಲು ಅಲ್ಲಾಡ್ಸದೆ ಮಲಗಿದ್ರಿ, ಪಾಪದ ಮಗು ಥರ.” ಪಕ್ಕದ ಗೂಡಂಗಡಿಯಿಂದ ಟೀ ತಂದುಕೊಟ್ಟು, ಇಸ್ತ್ರಿ ಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು. “ನಾಳೆ ಮತ್ತೆ ಓಡಿಸ್ತೀರಾ ಇದನ್ನ?”

ನಾಳೆ ಸಂಜೆ ರೈಲು, ಸ್ಪರ್ಧೆ, ಪದಕ, ಎಲ್ಲ ಹೇಳಿದೆ. ಹೋಗಲು ಕಾಲಿಲ್ಲ, ಬಿಡಲು ಮನಸ್ಸಿಲ್ಲ ಎಂದೂ ಹೇಳಿದೆ. ಸೆಲ್ವಿ ಒಂದು ಷರಟಿನ ಕಾಲರ್ ಮುಗಿಸಿ, ಪೆಟ್ಟಿಗೆಯನ್ನು ಪಕ್ಕದ ಕಲ್ಲಿನ ಮೇಲೆ ಇಟ್ಟಳು.

“ನನ್ ಪೆಟ್ಟಿಗೆನೂ ಅಷ್ಟೇ. ಕೆಂಡ ಹಾಕಿದ್ಮೇಲೆ ಬೇಕು ಅಂದಾಗ ಆರ್ಸೋಕಾಗಲ್ಲ. ನೀರು ಹುಯ್ದ್ರೆ ಸಿಡಿದು ಮುಖಕ್ಕೇ ಹೊಡೆಯತ್ತೆ. ಬಟ್ಟೆ ಮೇಲೇ ಬಿಟ್ರೆ ಸುಟ್ಟೋಗತ್ತೆ. ಎತ್ತಿ ಪಕ್ಕಕ್ಕೆ ಇಡ್ತೀನಿ, ತಾನೇ ಆರ್ಕೊಳತ್ತೆ.” ಅದನ್ನು ನನಗೆ ಬುದ್ಧಿ ಹೇಳಬೇಕೆಂದು ಹೇಳಿದಳೋ, ಸುಮ್ಮನೆ ಹೇಳಿದಳೋ ತಿಳಿಯಲಿಲ್ಲ. ಆಮೇಲೆ ರಸ್ತೆಗಿಳಿದು ಒಂದು ಆಟೋ ತಡೆದು, ತಲೆಯಾಡಿಸಲು ಹೊರಟ ಚಾಲಕನಿಗೆ ತಮಿಳಿನಲ್ಲಿ ಏನೋ ನಾಲ್ಕು ಮಾತು ಬಿಟ್ಟಳು. ಆತ ತೆಪ್ಪಗೆ ಇಳಿದು ಸೈಕಲ್ಲನ್ನು ತಾನೇ ಎತ್ತಿ ಒಳಗಿಟ್ಟ.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದರು, ಸುಮಾ ಅವರ ಕಾಲಿಗೆ ಜೋತುಬಿದ್ದಿದ್ದಳು. ನನ್ನ ಮೊಣಕೈ ನೋಡಿ ಬೈಯುತ್ತಾರೆ ಎಂದುಕೊಂಡಿದ್ದೆ. ಎಲ್ಲ ಹೇಳಿದೆ, ಅತ್ತದ್ದನ್ನೂ ಸೇರಿಸಿ.

“ದಣಿದೀನಿ ಅಂತ ನನಗ ಒಮ್ಮಿಯಾದ್ರೂ ಹೇಳಬಾರದೇನು?” ಎಂದರು ಅವರು. “ನಾನರ ಹೆಂಗ ಕೇಳಲಿ. ಕೇಳಿದ್ರ ನಿನ್ನ ಆಟ ಬಿಡಸಾಕ ನೋಡ್ತಾನ ಅಂತ ನೀ ತಿಳ್ಕೊಂಡ್ರ ಅಂತ ಸುಮ್ನಿದ್ದೆ.”

“ನಿಮ್ಮ ತಪ್ಪಲ್ಲ. ನನಗ ಹೇಳೂದು ಗೊತ್ತಿರಲಿಲ್ಲ.”

“ಬ್ಯಾಡಾದ್ರ ನಾಳೆ ಹೋಗಬ್ಯಾಡ. ಯಾರ ಏನ ಅಂತಾರ ಅನ್ನಲಿ.”

ಆ ಮಾತಿಗಾಗಿ ಎಷ್ಟು ವರ್ಷದಿಂದ ಕಾಯುತ್ತಿದ್ದೆನೋ, ಬಂದ ಮೇಲೆ ಅದು ಬೇಕೆನಿಸಲಿಲ್ಲ. “ಹೋಗ್ತೀನಿ. ಕಾಲು ಒಮ್ಮಿಗೇ ನಿಲ್ಲಸಿದ್ರ ಏನಾಗ್ತದ ಅಂತ ಇವತ್ತ ನೋಡೀನಲ್ಲ. ಇದು ಕಡೀದು. ಪದಕ ಬಂದ್ರೂ ಕಡೀದು,” ಎಂದೆ. ಅವರು ತಲೆಯಾಡಿಸಿ ಸುಮ್ಮನೆ ಸುಮಾಳನ್ನು ನನ್ನ ತೊಡೆಯ ಮೇಲೆ ಕೂರಿಸಿದರು. ನೀಲಿಗಟ್ಟಿದ ತೊಡೆ, ಜೀವ ಹೋದ ಹಾಗಾಯಿತು, ಆದರೂ ಇಳಿಸಲಿಲ್ಲ.

ಮರುದಿನ ಬೆಳಗ್ಗೆ ಸೈಕಲ್ಲನ್ನೂ ಕಿತ್ತುಹೋದ ಟೈರನ್ನೂ ತೆಗೆದುಕೊಂಡು ಹೋಗಿ ರಹೀಂ ಚಾಚಾರ ಮುಂದೆ ನಿಂತೆ. ಅವರು ಟೈರನ್ನೂ ನನ್ನ ಮೊಣಕೈಯನ್ನೂ ನೋಡಿದರು. ಹೇಳಿರಲಿಲ್ಲವೇ ಎಂದು ಕೇಳಲಿಲ್ಲ. ಕಪಾಟಿನಿಂದ ಹಿಂದಿನ ವರ್ಷದ ಒಂದು ಜೊತೆ ಗಾಲಿ ತೆಗೆದರು. “ಇದು ಹಳೇದು, ಗಮ್ ಕಲ್ಲಾಗಿದೆ. ಸ್ವಲ್ಪ ಭಾರ ಇದೆ, ಆದ್ರೆ ಓಡತ್ತೆ, ಕೈ ಬಿಡಲ್ಲ ನಿಮ್ಮನ್ನ,” ಎಂದರು. ಆಮೇಲೆ ಸ್ಪ್ಯಾನರ್ ತಿರುಗಿಸುತ್ತಾ ನನ್ನ ಕಡೆ ನೋಡದೆಯೇ, “ಟೈರ್ ಹೋದ್ರೆ ಇನ್ನೊಂದು ಹಾಕ್ತೀನಿ ಬೇಟಾ,” ಎಂದರು. ಅಷ್ಟು ವರ್ಷ ಮೇಡಮ್ ಎನ್ನುತ್ತಿದ್ದವರು ಅವತ್ತು ಮೊದಲ ಸಲ ಬೇಟಾ ಎಂದದ್ದು. ಸಂಜೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ತಂಡದ ಜೊತೆ ರೈಲು ಹತ್ತಿದೆ. ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದರಿಂದ ಗಾಯ ಯಾರಿಗೂ ಕಾಣಲಿಲ್ಲ.

ನನ್ನದು ಪರ್ಸ್ಯೂಟ್ ಎಂಬ ಸ್ಪರ್ಧೆ. ಇಬ್ಬರು ಟ್ರ್ಯಾಕಿನ ಎದುರುಬದುರು ಬದಿಗಳಿಂದ ಒಟ್ಟಿಗೆ ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟುವುದು. ಮೊದಲ ಸುತ್ತಿನಲ್ಲಿ ಹೇಗೋ ನಾಲ್ಕನೆಯವಳಾಗಿ ಉಳಿದೆ. ಕಂಚಿಗಾಗಿ ಮೂರನೆಯವಳ ಜೊತೆ ಇನ್ನೊಂದು ಓಟ. ಎದುರಿಗಿದ್ದವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ಅರ್ಧ ಓಟದವರೆಗೆ ಸರಿಸಮ ಇದ್ದೆವು. ಆಮೇಲೆ ನನ್ನ ತೊಡೆ ಬಿಗಿಯಿತು. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಕಂಚು ನನ್ನದಲ್ಲ ಎಂದು ಗೊತ್ತಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು, ಬಹಳ ಬೇಸರವಾಯಿತು.

ಗೆರೆ ದಾಟಿದ ಮೇಲೆ ಗುರುಗಳ ಮಾತು ನೆನಪಾಯಿತು. ಕಾಲು ನಿಲ್ಲಿಸಲಿಲ್ಲ. ಹಿಂದಕ್ಕೆ ಒತ್ತಲೂ ಇಲ್ಲ. ಗಾಲಿ ಎಷ್ಟು ತಿರುಗುತ್ತದೋ ಅಷ್ಟು ತಿರುಗಲಿ ಎಂದು ಸುಮ್ಮನೆ ಅದರ ಜೊತೆ ಹೋದೆ. ಒಂದು ಸುತ್ತಾಯಿತು, ಎರಡಾಯಿತು. ಎಷ್ಟೋ ವರ್ಷ ಆ ಟ್ರ್ಯಾಕಿನಲ್ಲಿ ಓಡಿದ್ದೆ, ಅದರಾಚೆ ಒಂದು ಹೊಂಗೆ ಮರ ಇದೆಯೆಂದು ಅವತ್ತೇ ನೋಡಿದ್ದು. ಅಧಿಕಾರಿಯೊಬ್ಬರು ಮುಗಿಯಿತು, ಇಳಿಯಿರಿ ಎಂದು ಹಿಂದಿಯಲ್ಲಿ ಕೂಗಿ ಕೈಬೀಸಿದರು. ಗಾಲಿ ತಾನಾಗಿ ದಣಿದು ನಿಂತ ಮೇಲೆ ಇಳಿದೆ.

ವಾಪಸ್ಸು ಬಂದಾಗ ಸ್ಟೇಷನ್ನಿನಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ. “ಏನ್ ಮೇಡಮ್, ಮೆಡಲ್ಲಾ?” ಇಲ್ಲ ಎಂದರೆ, “ಪರವಾಗಿಲ್ಲ ಬಿಡಿ, ಮುಂದಿನ ಸಲ,” ಎನ್ನುತ್ತಿದ್ದರು. ಮುಂದಿನ ಸಲ ಇಲ್ಲ ಎಂದು ಬಿಡಿಸಿ ಹೇಳುವಷ್ಟು ತಾಳ್ಮೆ ಇರಲಿಲ್ಲ. ತಂಡಕ್ಕೆ ಬರುವುದಿಲ್ಲವೆಂದು ಬರೆದುಕೊಟ್ಟೆ. ಮುಂದಿನ ವಾರದಿಂದ ಸಂಜೆಯವರೆಗೆ ಕಚೇರಿಯಲ್ಲಿ ಕೂರತೊಡಗಿದೆ. ಎರಡು ಗಂಟೆಯಾದ ಕೂಡಲೇ ಕೈ ತಾನಾಗಿ ಚೀಲದ ಕಡೆ ಹೋಗುತ್ತಿತ್ತು.

ಆ ಶನಿವಾರ ಸೆಲ್ವಿಯ ಹತ್ತಿರ ಹೋದೆ. ಬರಿಗೈಯಲ್ಲಿ ಹೋಗಲು ಮುಜುಗರವಾಗಿ, ತೊಳೆದಿಟ್ಟಿದ್ದ ರಾಜ್ಯ ತಂಡದ ಜರ್ಸಿಯನ್ನು ಇಸ್ತ್ರಿಗೆಂದು ತೆಗೆದುಕೊಂಡು ಹೋದೆ. ಇಸ್ತ್ರಿ ಮಾಡಿಸಿ ಕಪಾಟಿನಲ್ಲಿ ಇಟ್ಟುಬಿಡೋಣ ಎಂದಿತ್ತು. ಅವಳು ನನ್ನನ್ನು ದೂರದಿಂದಲೇ ಗುರುತು ಹಿಡಿದಳು. ಮೆಡಲ್ ಕೇಳುತ್ತಾಳೆ ಎಂದು ಉತ್ತರ ಸಿದ್ಧ ಮಾಡಿಕೊಂಡೆ.

“ಬನ್ನಿ ಬನ್ನಿ. ರೈಲಲ್ಲಾದ್ರೂ ನಿದ್ದೆ ಮಾಡಿದ್ರಾಮ್ಮ?” ಎಂದಳು.

“ಮಾಡ್ದೆ. ಬರೋವಾಗ ಎರಡು ದಿನ ಪೂರ್ತಿ ಮಾಡ್ದೆ,” ಎಂದೆ. ನಿಜವಾಗಿಯೂ ಹಾಗೇ ಮಲಗಿದ್ದೆ. ಮೇಜರ್ ಸಾಹೇಬರು ಏನೆಂದರು ಎಂದು ಕೇಳಿದೆ. ಬೈದರಂತೆ. ಕಲೆ ಹೇಗಾಯಿತೆಂದು ಕೇಳಿದಾಗ ನಡೆದದ್ದನ್ನು ಹೇಳಿದಳಂತೆ. ಆಮೇಲೆ ಆ ಬೆಡ್‌ಶೀಟು ನೀನೇ ಇಟ್ಟುಕೋ ಎಂದರಂತೆ. ನನ್ನ ರಕ್ತದ ಬೆಡ್‌ಶೀಟು ಅವಳ ಮನೆಯ ಮಂಚದ ಮೇಲೆ ಹೋಯಿತು ಎಂದು ಇಬ್ಬರೂ ನಕ್ಕೆವು.

ಜರ್ಸಿ ಕೊಟ್ಟೆ. ಸೆಲ್ವಿ ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು. ಎದೆಯ ಮೇಲಿದ್ದ ರಾಜ್ಯದ ಹೆಸರನ್ನು ನೋಡಲಿಲ್ಲ, ಬಟ್ಟೆಯನ್ನು ಮಾತ್ರ ನೋಡಿದಳು.

“ಇದು ನೈಲಾನ್ ಥರ. ಪೆಟ್ಟಿಗೆ ಇಟ್ರೆ ಕರಗೋಗತ್ತೆ. ಇದಕ್ಕೆ ಶಾಖ ಎಲ್ಲ ಬೇಡ,” ಎಂದಳು. ಗಾಡಿಯ ಮೇಲೆ ಹಾಸಿ, ಅಂಗೈಯಿಂದ ಎರಡು ಸಲ ಸವರಿ, ತೋಳು ಒಳಗೆ ಹಾಕಿ ಚೌಕವಾಗಿ ಮಡಚಿ ನನ್ನ ಕೈಗಿತ್ತಳು. “ಮಡಚಿ ಎತ್ತಿಟ್ಬಿಡಿ, ಸಾಕು.”

ಸಾಕು ಎನ್ನುವ ಮಾತನ್ನು ನನಗೆ ಬೇರೆಯವರು ಹೇಳಿದ್ದು ಅದೇ ಮೊದಲು. ಅವಳು ಬಟ್ಟೆಯ ವಿಷಯಕ್ಕೆ ಹೇಳಿದ್ದು, ನನಗೆ ಗೊತ್ತು.

ಆಮೇಲೂ ಏಳೆಂಟು ವರ್ಷ ಆ ದಾರಿಯಲ್ಲಿ ಹೋಗುವಾಗೆಲ್ಲ ಬಸ್ಸಿನಿಂದ ಇಳಿದು ಅವಳನ್ನು ಮಾತಾಡಿಸಿ ಹೋಗುತ್ತಿದ್ದೆ. ಸುಮಾಳನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದೆ. ಒಂದು ದಿನ ನೋಡಿದರೆ ರಸ್ತೆ ಅಗಲ ಮಾಡಲು ಆ ಮರ ಕಡಿದಿದ್ದರು, ಗಾಡಿ ಇರಲಿಲ್ಲ. ಟೀ ಅಂಗಡಿಯವನಿಗೆ ಎಲ್ಲಿಗೆ ಹೋದಳೆಂದು ಗೊತ್ತಿರಲಿಲ್ಲ. ಮಾರತ್ತಹಳ್ಳಿಯ ಕಡೆ ಹೊಸ ಅಪಾರ್ಟ್‌ಮೆಂಟುಗಳ ಹತ್ತಿರ ಇದ್ದಾಳೆಂದು ಯಾರೋ ಹೇಳಿದರು. ಎರಡು ಭಾನುವಾರ ಅಲ್ಲೆಲ್ಲ ಸುತ್ತಿದೆ, ಸಿಗಲಿಲ್ಲ.

ಈಗಲೂ ದಣಿಯುತ್ತೇನೆ. ಕಚೇರಿ, ಅಡಿಗೆ, ಮಗಳ ಕಾಲೇಜು, ಮೊಣಕಾಲು ನೋವು. ವ್ಯತ್ಯಾಸ ಇಷ್ಟೇ, ಈಗ ಸುಸ್ತಾಗಿದೆ ಎಂದು ಬಾಯಿಬಿಟ್ಟು ಹೇಳುತ್ತೇನೆ, ಮನೆಯವರು ರೊಟ್ಟಿಯ ಹಿಟ್ಟು ಕಲಸಿಡುತ್ತಾರೆ. ಬಂದವರು ಕೇಳಿದರೆ ಪದಕಗಳನ್ನು ತೋರಿಸುತ್ತೇನೆ. ಆ ಜರ್ಸಿಯನ್ನು ಮಾತ್ರ ಯಾರಿಗೂ ಬಿಡಿಸಿ ತೋರಿಸಿಲ್ಲ. ಸೆಲ್ವಿ ಮಡಚಿಕೊಟ್ಟ ಹಾಗೇ ಕಪಾಟಿನಲ್ಲಿದೆ.